ಮಾವನ ಜೊತೆ ನೋಡಿದ ಅರ್ಧ ಯುದ್ಧ

ಯುದ್ಧದ ಸಿನಿಮಾಗಳನ್ನು ಬಿಡದೆ ನೋಡುವವರಲ್ಲಿ ಧೈರ್ಯವಂತರು ಕಡಿಮೆ. ಇದು ನನ್ನನ್ನು ನೋಡಿಕೊಂಡು ನಾನೇ ಕಂಡುಕೊಂಡ ಸತ್ಯ. ವನಗೂರಿನ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿರುವ ನಾನು, ತೋಟದಲ್ಲಿ ಒಣಕೊಂಬೆ ಮುರಿದ ಸದ್ದಾದರೂ ಆನೆ ಬಂತೆಂದು ಜೀಪಿನ ಕಡೆ ಹೊರಡುತ್ತೇನೆ. ಓಡುವುದಿಲ್ಲ, ಆಳುಗಳು ನೋಡುತ್ತಿರುತ್ತಾರಲ್ಲ. ಬೇಗ ಬೇಗ ನಡೆಯುತ್ತೇನೆ. ಇಂಥವನು ಭಾನುವಾರ ಊಟ ಮುಗಿಸಿ ಟಿವಿ ಮುಂದೆ ಕೂತರೆ ಸೇನಾಧಿಪತಿ. ಎಡಗಡೆಯಿಂದ ಬರುತ್ತಿದ್ದಾರೆ ನೋಡಿಕೊಳ್ಳಿ ಎಂದು ಬ್ರಿಟಿಷ್ ಸಿಪಾಯಿಗಳಿಗೆ ಕನ್ನಡದಲ್ಲೇ ಆಜ್ಞೆ ಕೊಡುತ್ತೇನೆ. ಅವರು ಒಮ್ಮೆಯೂ ನನ್ನ ಮಾತು ಕೇಳಿಲ್ಲ. ಅದಕ್ಕೇ ಅಷ್ಟೊಂದು ಜನ ಸಾಯುತ್ತಾರೆ.

ಹೋದ ವರ್ಷ ನನ್ನ ಮಾವ, ಸಕಲೇಶಪುರದ ಡಾಕ್ಟರಿಗೆ ಮಂಡಿನೋವು ತೋರಿಸಲೆಂದು ಪಾಳ್ಯದಿಂದ ಬಂದು ನಮ್ಮಲ್ಲಿ ಹದಿನೈದು ದಿನ ಇದ್ದರು. ಈಗ ರಾಗಿ ಹೊಲ ನೋಡಿಕೊಂಡಿರುವ ಅವರು ಒಂದು ಕಾಲಕ್ಕೆ ನಿಜವಾದ ಸೈನಿಕರು. ಗಡಿಯ ಹಿಮದ ಗುಡ್ಡದ ಮೇಲೆ ಏಳೇ ಜನರ ಠಾಣೆಯೊಂದರಲ್ಲಿ ಇದ್ದರಂತೆ. ಅಲ್ಲಿ ಏನು ನಡೆಯಿತೆಂದು ಮಗಳಿಗೂ ಹೇಳಿದವರಲ್ಲ. ಅವರು ಇದ್ದಾಗಿನ ಒಂದು ಭಾನುವಾರ ಬಾಳ್ಳುಪೇಟೆಯ ನಾಮಕರಣಕ್ಕೆ ಹೊರಟ ನನ್ನ ಹೆಂಡತಿ ಗಿರಿಜ ಚಪ್ಪಲಿ ಮೆಟ್ಟುತ್ತಲೇ ಎಚ್ಚರಿಸಿದಳು: “ಅಪ್ಪಯ್ಯನ ಮುಂದೆ ನಿಮ್ಮ ಗುಂಡು, ಬಾಂಬು ಹಾಕ್ಬ್ಯಾಡಿ ಕಣ್ರೀ. ಅವ್ರು ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ.”

ಮಾವ ಮಲಗಿದ್ದಾರೆಂದುಕೊಂಡೇ ನಾನು ಸಿನಿಮಾ ಹಾಕಿದ್ದು, ಅದೂ ಸದ್ದು ಸಣ್ಣಗೆ ಇಟ್ಟು. ಮರುಭೂಮಿಯ ಗುಡ್ಡದ ಮೇಲೊಂದು ಮಣ್ಣುಗೋಡೆಯ ಠಾಣೆ, ಒಳಗೆ ಹತ್ತು ಹನ್ನೆರಡು ಬ್ರಿಟಿಷ್ ಸಿಪಾಯಿಗಳು, ಸುತ್ತಲೂ ಶತ್ರು. ರೇಡಿಯೊ ಕೆಟ್ಟಿದೆ, ನೀರಿನ ಪೀಪಾಯಿಗೆ ಗುಂಡು ಬಿದ್ದಿದೆ. ಇನ್ನೇನು ಆಜ್ಞೆ ಶುರು ಮಾಡಬೇಕು, ಪಕ್ಕದ ಕುರ್ಚಿ ಕಿರುಗುಟ್ಟಿತು. ಮಾವ ಬಂದು ಕೂತಿದ್ದರು. ನಾನು ಗಡಿಬಿಡಿಯಲ್ಲಿ ಧಾರಾವಾಹಿಗೆ ಬದಲಾಯಿಸಿದೆ. ಇರಲಿ, ಅದನ್ನೇ ಹಾಕಿ ಎಂದರು.

ಅಲ್ಲಿಂದ ಮುಂದೆ ನಾನು ಟಿವಿ ನೋಡಲಿಲ್ಲ, ಮಾವನ ಕೈ ನೋಡಿದೆ. ಅದು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಸಿಪಾಯಿಯೊಬ್ಬ ಒಣಗಿದ ತುಟಿ ಸವರಿಕೊಂಡಾಗ ಮಾವನೂ ಸವರಿಕೊಂಡರು. ನನಗೆ ಬೆವರು ಕಿತ್ತುಕೊಂಡು ಬಂತು. ಮುದುಕರಿಗೆ ಎದೆನೋವು ಬಂದರೆ? ಜೀಪು ಗುಡ್ಡ ಇಳಿದು ಪೇಟೆ ಸೇರಲು ಎಷ್ಟು ಹೊತ್ತು? ಗಿರಿಜಳಿಗೆ ಏನು ಹೇಳುವುದು? ಕಾಫಿ ತರುತ್ತೇನೆಂದು ಎದ್ದು ಫೋನ್ ಹಿಡಿದು ಎಸ್ಟೇಟಿನ ಕಾಫಿ ಮೂಟೆ ಇಡುವ ಸ್ಟೋರಿನವರೆಗೆ ಓಡಿದೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ವಿಷಯ ಕೇಳಿದ ಗಿರಿಜ ಬೈಯಲೂ ಇಲ್ಲ. ಮೊದಲು ಹೋಗಿ ಟಿವಿ ಆರಿಸಿ, ಮುಂದಿನ ಬಸ್ಸಿಗೆ ಬರುತ್ತೇನೆ ಎಂದಳು. ಅವಳು ಬೈಯದಿದ್ದರೆ ನನಗೆ ಇನ್ನೂ ಭಯ.

ವಾಪಸು ಬಂದರೆ ಟಿವಿ ಆಗಲೇ ಆರಿತ್ತು, ಕುರ್ಚಿ ಖಾಲಿ. ಕೋಣೆಯಲ್ಲಿ ಇಲ್ಲ, ಬಚ್ಚಲಲ್ಲಿ ಇಲ್ಲ. ಒಂಟಿ ಸಲಗ ನಮ್ಮ ಕಡೆಯೇ ತಿರುಗಿದೆ ಎಂಬ ಅರಣ್ಯ ಇಲಾಖೆಯ ಮೆಸೇಜು ಬೆಳಿಗ್ಗೆ ಬಂದದ್ದು ಆಗಲೇ ನೆನಪಾಗಬೇಕೆ? “ಮಾವ, ಮಾವ” ಎಂದು ಕೂಗುತ್ತಾ ಹಿತ್ತಲಿಗೆ ಹೋದೆ. ಅಲ್ಲಿ ಮಾವ ನಲ್ಲಿಯ ಕೆಳಗೆ ಕೊಡ ಇಟ್ಟುಕೊಂಡು ನಿಂತಿದ್ದರು. ಮನೆಯಲ್ಲಿದ್ದ ಹಂಡೆ, ಬಕೆಟ್, ಹಾಲಿನ ಪಾತ್ರೆ, ಇಡ್ಲಿ ಪಾತ್ರೆಯ ತಳ, ಎಲ್ಲವೂ ತುಂಬಿ ಸಾಲಾಗಿ ಕೂತಿದ್ದವು. ಮಂಡಿನೋವಿನ ಮನುಷ್ಯ ಅಷ್ಟನ್ನೂ ಒಬ್ಬರೇ ಹೊತ್ತು ತಂದಿದ್ದರು.

ಅವರೇ ನೀರನ್ನು ನೋಡುತ್ತಾ ಹೇಳಿದರು: “ಹನ್ನೊಂದು ದಿನ ಯಾರೂ ಮೇಲಕ್ ಬರ್ಲಿಲ್ಲ ಅಳಿಯಂದ್ರೆ. ಸೀಮೆಎಣ್ಣೆ ಮುಗ್ದೋಗಿತ್ತು, ಹಿಮ ಕರಗ್ಸೋಕೆ ಬೆಂಕಿ ಇಲ್ಲ. ಸುತ್ತ ನೀರೇ ಬಿದ್ದೈತೆ, ಕುಡಿಯೋಕೆ ಒಂದು ಲೋಟ ಇಲ್ಲ.” ತುಂಬಿದ ಕೊಡವನ್ನು ಪಕ್ಕಕ್ಕಿಟ್ಟು ಕೇಳಿದರು: “ಆ ಹುಡುಗ್ರಿಗೆ ಕೊನೇಲಿ ನೀರು ಸಿಕ್ತಾ?”

ಕೊನೆ ನಾನೂ ನೋಡಿರಲಿಲ್ಲ. “ಸಿಕ್ತು ಮಾವ, ಎಲ್ಲರಿಗೂ ಸಿಕ್ತು” ಎಂದೆ. ತಲೆಯಾಡಿಸಿದರು. ಉಳಿದಿದ್ದ ಎರಡು ಚೊಂಬುಗಳನ್ನು ಇಬ್ಬರೂ ಸೇರಿ ತುಂಬಿದೆವು.

ಸಂಜೆಗೆ ಗಿರಿಜ ಏದುಸಿರು ಬಿಡುತ್ತಾ ಬಂದಳು. ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಮಾವ ಅಡ್ಡ ಬಂದರು. “ಅವ್ರುನ್ನ ಬೈಬ್ಯಾಡ ಕಣವ್ವ. ನಾನೇ ಟಿವಿ ಆರಿಸ್ಬುಟ್ಟೆ. ಪಾಪ, ಕೂತಲ್ಲೇ ನಡುಗ್ತಾ ಇದ್ರು.”

ಗಿರಿಜ ಒಂದು ಕ್ಷಣವೂ ಅನುಮಾನಪಡದೆ ನಂಬಿದಳು. ಅಪ್ಪನಿಗೆ ಕೊಡಬೇಕೆಂದು ತಂದಿದ್ದ ನಾಮಕರಣದ ಲಾಡನ್ನು ನನ್ನ ಕೈಗಿಟ್ಟು, ಹೋಗಿ ಮಲಗಿಕೊಳ್ಳಿ ಎಂದಳು. ನಾನು ನಡುಗಿದ್ದು ಸಿನಿಮಾಕ್ಕಲ್ಲ ಎಂದು ಹೇಳಬೇಕೆನಿಸಿತು. ಆದರೆ ಅದಕ್ಕೂ ಸ್ವಲ್ಪ ಧೈರ್ಯ ಬೇಕಾಗುತ್ತದೆ.