ಕೆಂಪಯ್ಯನ ಚೀಲಗುದುರೆ

ಕಡಲೆಕಾಯಿಯನ್ನು ಬಿತ್ತುವುದಕ್ಕೆ ಒಬ್ಬ ಗಂಡಸು ಸಾಕು. ತಿನ್ನುವುದಕ್ಕಂತೂ ಒಬ್ಬನೇ ಇದ್ದರೆ ಇನ್ನೂ ಮೇಲು. ಆದರೆ ಚೀಲಕ್ಕೆ ತುಂಬುವುದಕ್ಕೆ ಮಾತ್ರ ಇಬ್ಬರು ಬೇಕು. ಗೋಣಿಚೀಲಕ್ಕೆ ಬೆನ್ನುಮೂಳೆ ಇಲ್ಲ ನೋಡಿ. ಒಬ್ಬರು ಅದರ ಬಾಯಿ ಅಗಲಿಸಿ ಹಿಡಿಯಬೇಕು, ಇನ್ನೊಬ್ಬರು ಮಂಕರಿಯಲ್ಲಿ ತಂದು ಸುರಿಯಬೇಕು. ಬ್ರಹ್ಮದೇವರು ಮನುಷ್ಯನಿಗೆ ಎರಡೇ ಕೈ ಕೊಟ್ಟು ಕಳಿಸಿದ್ದು ಯಾಕೆ ಎಂದು ಗೌಡಗೆರೆ ಕಡೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ: ಹೆಂಡತಿಯ ಹಂಗಿನಲ್ಲಿ ಬಿದ್ದಿರಲಿ ಅಂತ.

ಕೆಂಪಯ್ಯ ಈ ಹಂಗಿನಿಂದ ರೋಸಿಹೋಗಿದ್ದ. ಅವನ ಹೆಂಡತಿ ಓಬಳಮ್ಮ ಪಾವಗಡದ ಕಡೆಯ ಹೆಣ್ಣು. ಚೀಲ ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ತಳದ ಎರಡು ಮೂಲೆಯನ್ನು ಕಾಲಿನ ಹೆಬ್ಬೆರಳಲ್ಲಿ ಒತ್ತಿ, ಅಂಚನ್ನು ಕುಪ್ಪಸದ ತೋಳು ಮಡಿಚಿದ ಹಾಗೆ ಮಡಿಚಿ ನಿಂತಳೆಂದರೆ ಚೀಲ ಬಾವಿಯಂತೆ ಬಾಯಿ ತೆರೆಯುತ್ತಿತ್ತು. ತೊಂದರೆ ಇದ್ದದ್ದು ಬೇರೆ ಕಡೆ. ಕೈಯೂ ಕಾಲೂ ಚೀಲಕ್ಕೆ ಕಟ್ಟುಬಿದ್ದ ಮೇಲೆ ಮನುಷ್ಯರಿಗೆ ಬಿಡುವಾಗಿ ಉಳಿಯುವುದು ನಾಲಿಗೆ ಒಂದೇ. ಸುರಿಯುವವನು ಕಿವಿ ಮುಚ್ಚಿಕೊಳ್ಳೋಣವೆಂದರೆ ಅವನ ಕೈ ಮಂಕರಿಯಲ್ಲಿ. ಆದ್ದರಿಂದ ವರ್ಷವೆಲ್ಲ ತಡೆದಿಟ್ಟ ಜಗಳಗಳು ಸುಗ್ಗಿಯಲ್ಲಿ ಚೀಲದ ಮುಂದೆಯೇ ವಿಚಾರಣೆಗೆ ಬರುತ್ತಿದ್ದವು.

ಅದು ಯುದ್ಧದ ವರ್ಷ. (ಸೀಮೆಎಣ್ಣೆ ಸಿಕ್ಕುತ್ತಿರಲಿಲ್ಲ, ಹೊಸ ಗೋಣಿಚೀಲ ಸಿಕ್ಕುತ್ತಿರಲಿಲ್ಲ, ಜಗಳ ಮಾತ್ರ ಕಂಟ್ರೋಲ್ ಇಲ್ಲದೆ ಸಿಕ್ಕುತ್ತಿತ್ತು.) ಅಂಗಳದ ತುಂಬ ಕಡಲೆಕಾಯಿ ಒಣಗಿ ಗಲಗಲ ಅನ್ನುತ್ತಿತ್ತು. ಮೊದಲ ಚೀಲ ಅರ್ಧವಾಗಿರುವಾಗ ಓಬಳಮ್ಮ ಮಾತು ತೆಗೆದಳು.

"ನನ್ ತಂಗಿ ಮಗೀನ ತೊಟ್ಲಿಗಾಕ್ತಾರೆ. ಒಂದೀಟು ದಿನ ಓಗಿದ್ದು ಬತ್ತೀನಿ."

"ನೀನ್ ಓದ್ರೆ ಚೀಲ ಹಿಡಿಯೋರು ಯಾರು?"

"ವರ್ಸಾ ವರ್ಸಾ ಇದೇ ರಾಗ. ಚೀಲ ಹಿಡ್ದು ಹಿಡ್ದು ನನ್ ಮೂಗ್ನಾಗೆ ಕಡ್ಲೇಗಿಡ ಮೊಳ್ತೈತೆ."

"ಅದೇನು ಮಾ ದೊಡ್ಡ ವಿದ್ಯೆ ಅಂತ ಯೋಳ್ತೀಯೆ? ಒಂದು ಗೂಟ ನೆಟ್ರೆ ಅದೂ ಹಿಡೀತದೆ."

"ಗೂಟ ಹಿಡಿಯಂಗಿದ್ರೆ ನನ್ನ ಯಾಕ್ ತಡೀತೀಯ? ಕಳ್ಸು ಮತ್ತೆ."

ಕೆಂಪಯ್ಯನಿಗೆ ತಾನು ತೋಡಿದ ಗುಂಡಿಯಲ್ಲೇ ತನ್ನ ಕಾಲು ಇಳಿದದ್ದು ತಿಳಿಯಿತು. ಮೇಲೆ ಬರುವ ದಾರಿ ತೋಚದೆ ಇನ್ನಷ್ಟು ಆಳಕ್ಕೆ ತೋಡಿದ.

"ಗೂಟ ಸಿಗೋಗಂಟ ನೀನೇ ಹಿಡಿ."

ಓಬಳಮ್ಮ ಚೀಲವನ್ನು ಕೈಬಿಟ್ಟಳು. ಅರ್ಧ ತುಂಬಿದ ಚೀಲ ಕುಡುಕನಂತೆ ಪಕ್ಕಕ್ಕೆ ಒರಗಿ, ತಿಂದದ್ದನ್ನೆಲ್ಲ ಅಂಗಳಕ್ಕೆ ಕಕ್ಕಿತು. "ಅಂಗಾದ್ರೆ ಗೂಟದ್ ಕುಟೇನೇ ಮಾತಾಡ್ಕೊ," ಎಂದು ಸೆರಗು ಕೊಡವಿ ಒಳಗೆ ಹೋದಳು. ಅಲ್ಲಿಂದ ಮುಂದಕ್ಕೆ ಗಂಡ ಹೆಂಡಿರ ನಡುವೆ ಮಾತು ನಿಂತಿತು.

ಕೆಂಪಯ್ಯನ ಮುಂದೆ ಈಗ ಇದ್ದದ್ದು ಒಂದೇ ಪ್ರಶ್ನೆ. ಸಂತೆಯ ದಿನ ಸಿರಾದ ಸಾಹುಕಾರನ ಗಾಡಿ ಬಾಗಿಲಿಗೆ ಬರುತ್ತದೆ. ಅಷ್ಟರೊಳಗೆ ಕಾಯೆಲ್ಲ ಚೀಲ ಸೇರಬೇಕು. ಸೇರಬೇಕಾದರೆ ಹೆಂಡತಿಯ ಹತ್ತಿರ ಹೋಗಿ "ಬಾರೇ, ಹಿಡಿ" ಅನ್ನಬೇಕು. ಆ ಮಾತು ಆಡಿದರೆ ಗೂಟಕ್ಕೆ ಆಗದ್ದು ಹೆಂಡತಿಗೆ ಆಗುತ್ತದೆ ಎಂದು ಒಪ್ಪಿಕೊಂಡ ಹಾಗೆ. ಅದನ್ನು ಒಪ್ಪುವ ಬದಲು ಕಡಲೆಕಾಯಿಯನ್ನು ಒಂದೊಂದಾಗಿ ಎಣಿಸಿ ಹಾಕಲು ಅವನು ತಯಾರಿದ್ದ. ನೆರೆಯವರನ್ನು ಕರೆಯುವಂತಿಲ್ಲ, ಅವರವರ ಅಂಗಳದಲ್ಲಿ ಅವರವರ ರಾಶಿ. ತಾಯಿ ಕಾಟಮ್ಮನನ್ನು ಕೇಳಿದ.

"ನನ್ ಕೈ ತಾಳ ಆಕ್ತವೆ ಕಣ್ಲಾ," ಎಂದಳು ಮುದುಕಿ. "ನಾನ್ ಹಿಡಿದ್ರೆ ಚೀಲ ಭಜನೆ ಮಾಡೀತು."

ಸರಿ, ಗೂಟವೇ ಆಗಲಿ ಎಂದು ಕೆಂಪಯ್ಯ ಮಚ್ಚು ತೆಗೆದುಕೊಂಡು ಹೋಗಿ ಜಾಲಿಯ ಗೂಟಗಳನ್ನು ಕಡಿದು ತಂದ. ಅಂಗಳದಲ್ಲಿ ಚೌಕವಾಗಿ ನೆಟ್ಟು ಚೀಲದ ಬಾಯಿಯನ್ನು ಅವಕ್ಕೆ ಸಿಕ್ಕಿಸಿದ. ಚೀಲ ನಿಂತಿತು. ಸುರಿದ, ತುಳಿದ, ಮತ್ತೆ ಸುರಿದ. ಚೀಲ ತುಂಬಿತು. ಜಗತ್ತೇ ಗೆದ್ದವನಂತೆ ಮೀಸೆ ಸವರಿಕೊಂಡು ಚೀಲವನ್ನು ಎತ್ತಲು ಹೋದ. ಅದು ಬರಲಿಲ್ಲ. ಹೊಟ್ಟೆ ಉಬ್ಬಿಸಿಕೊಂಡು ಗೂಟಗಳ ನಡುವೆ ಬಿಗಿಯಾಗಿ ಕುಳಿತುಬಿಟ್ಟಿತ್ತು. ಗೂಟ ಕೀಳೋಣವೆಂದರೆ ಅವು ತಿರುಗಿ ಅಲ್ಲಾಡದಂತೆ ತಾನೇ ನೆಟ್ಟಿದ್ದು. ಕೊನೆಗೆ ಹಾರೆ ತಂದು, ಕಡಲೆಕಾಯಿಯನ್ನು ಎರಡನೇ ಸಲ ನೆಲದಿಂದ ಅಗೆದು ತೆಗೆದ.

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಓಬಳಮ್ಮ ಎಮ್ಮೆಗೆ ಹೇಳುತ್ತಿದ್ದಳು: "ನೋಡವ್ವ, ನೆಲದಾಗೆ ಊತಿದ್ದು ಎದ್ದು ಬತ್ತದಾ? ಕಾಲಿದ್ದಿದ್ರೆ ಅದೂ ನಿನ್ನಂಗೆ ಎದ್ದು ನಿಂತಿರೋದು. ಇಷ್ಟು ತಿಳಿಯಲ್ವಲ್ಲ ಕೆಲವ್ರಿಗೆ."

ಎಮ್ಮೆ ಈ ಉಪದೇಶವನ್ನು ಮೆಲುಕು ಹಾಕಿತು. ಗೋಡೆಯ ಈಚೆ ಕೆಂಪಯ್ಯ ಹಲ್ಲು ಕಡಿದ. ಹೆಂಗಸರ ಮಾತಿಗೆ ಕಿವಿಗೊಡುವ ಜಾತಿ ಅವನದಲ್ಲ. ಆದರೆ ಮುದ್ದೆಯ ಕೊನೆಯ ತುತ್ತು ನುಂಗುತ್ತಿರುವಾಗ ಅವನಿಗೆ ಇದ್ದಕ್ಕಿದ್ದಂತೆ ಸ್ವಂತವಾಗಿ ಹೊಳೆಯಿತು: ಕಾಲು. ಚೀಲ ಹಿಡಿಯುವುದಕ್ಕೆ ಬೇಕಾದದ್ದು ಕಾಲಿರುವ ಮರದ ಕುದುರೆ.

ಮರ ಬೇಕಾಯಿತು. ಮನೆಯಲ್ಲಿ ಹದವಾದ ಒಣಮರ ಇದ್ದದ್ದು ಕಾಟಮ್ಮನ ಹೊರಸಿನಲ್ಲಿ.

"ನಾನೆಲ್ಲಿ ಮಲಗ್ಲೋ, ಮುಂಡೇದೆ?"

"ನೆಲ ತಣ್ಣಗಿರ್ತದೆ, ಸುಮ್ಕಿರವ್ವ. ದೊಡ್ಡ ಕೆಲಸಕ್ಕೆ ಒಂದೀಟು ತ್ಯಾಗ ಬೇಕು."

"ತ್ಯಾಗ ನನ್ದು, ದೊಡ್ಡ ಕೆಲಸ ನಿನ್ದು," ಎಂದು ಮುದುಕಿ ಚಾಪೆ ಹುಡುಕಲು ಹೋದಳು.

ಹೊರಸಿನ ಚೌಕಟ್ಟಿನ ಮರಗಳಲ್ಲಿ ಮೂರನ್ನು ಕಾಲು ಮಾಡಿ ಒಂದಕ್ಕೊಂದು ಕಟ್ಟಿ, ಅದರ ತಲೆಗೆ ಕೈಗಳಂತೆ ಎರಡು ಪಟ್ಟಿ ಹೊಡೆದ. ಕೈಗಳ ತುದಿಗೆ ಚೀಲದ ಅಂಚು ಸಿಕ್ಕಿಸಲು ಮೊಳೆ. ನೋಡಲು ಬೆದರುಬೊಂಬೆಗೆ ಅಣ್ಣನೋ ತಮ್ಮನೋ ಎನ್ನುವಂತಿತ್ತು. ಎರಡು ಮಂಕರಿ ಸುರಿದ. ಮೂರನೆಯದನ್ನು ಸುರಿಯುವಾಗ ಕುದುರೆ ಮುಗ್ಗರಿಸಿ, ಅಷ್ಟೂ ಭಾರ ಹೊತ್ತುಕೊಂಡು ಕೆಂಪಯ್ಯನ ಕಾಲ ಮೇಲೆ ಮಲಗಿತು. ಅವನು ಕಿರುಚಲಿಲ್ಲ. (ಕಿರುಚಿದರೆ ಒಳಗಿರುವವಳಿಗೆ ಕೇಳುತ್ತದೆ.) ಒಂಟಿಕಾಲಲ್ಲಿ ಅಂಗಳದ ಸುತ್ತ ಮೂಕಬಸವನಂತೆ ಕುಣಿದ.

"ಅಲ್ಲವ್ವ," ಎಮ್ಮೆಯ ಕೂಡ ಮತ್ತೆ ಮಾತು ಶುರುವಾಗಿತ್ತು, "ನಿನ್ ಕರ ಉಟ್ಟಿದ ಗಳಿಗೇಲೇ ಕಾಲು ಅಗಲಿಸ್ಕೊಂಡು ನಿಂತ್ಕೊಂಡ್ತಲ್ಲ. ಅದಕ್ಕೆ ಯಾವ ಮೇಷ್ಟ್ರು ಕಲಿಸಿದ್ರು?"

"ಬಾಯಿ ಮುಚ್ಚು ಅಂತ ಯೋಳವ್ವ ಆ ಎಮ್ಮೆಗೆ," ಎಂದ ಕೆಂಪಯ್ಯ ತಾಯಿಗೆ.

"ಎಮ್ಮೆ ಬಾಯೇ ಬುಟ್ಟಿಲ್ವಲ್ಲೋ."

ಊದಿದ ಕಾಲಿಗೆ ಹುಣಸೆಹಣ್ಣು ಮೆತ್ತಿಕೊಂಡು ಕುಳಿತಾಗ ಅವನಿಗೆ ಮತ್ತೆ ಸ್ವಂತವಾಗಿ ಹೊಳೆಯಿತು. ಕಾಲು ಅಗಲಿಸಬೇಕು. ಅಗಲಿಸಿದ. ಕುದುರೆ ನಿಂತಿತು. ತುಂಬಿತು. ಬಾಯಿ ಬಿಡಿಸಿದರೆ ಚೀಲ ತಾನೇ ಕೆಳಗಿಳಿದು ನಿಂತಿತು. ಕೆಂಪಯ್ಯ ಆನಂದದಿಂದ ಎರಡನೆಯ ಚೀಲ ತಂದು ಸಿಕ್ಕಿಸಲು ಹೋದ. ಅದು ಸಿಕ್ಕಲಿಲ್ಲ.

ಆ ವರ್ಷದ ಚೀಲಗಳ ಹಣೆಬರಹವೇ ಹಾಗಿತ್ತು. ಒಂದು ಅಕ್ಕಿಚೀಲ, ಒಂದು ಹಿಂಡಿಚೀಲ, ಒಂದು ಸಕ್ಕರೆಚೀಲ, ಎರಡು ಹರಕುಗಳನ್ನು ಸೇರಿಸಿ ಹೊಲಿದ ಇನ್ನೊಂದು. ಒಂದರ ಬಾಯಿ ಇನ್ನೊಂದಕ್ಕಿಲ್ಲ. ಅಕ್ಕಿಚೀಲಕ್ಕೆ ಸರಿಯಾದ ಕೈಗಳು ಸಕ್ಕರೆಚೀಲದ ಬಾಯಿಯನ್ನು ಕಿವಿಯ ತನಕ ಹರಿದವು. ಹಿಂಡಿಚೀಲ ಅದೇ ಕೈಗಳಿಂದ ಜೋಲುಬಿದ್ದ ಪಂಚೆಯಂತೆ ಜಾರಿತು. ಕೆಂಪಯ್ಯ ಜರ್ಮನಿಯವನಿಗೂ ಜಪಾನಿನವನಿಗೂ ಒಂದೇ ಉಸಿರಿನಲ್ಲಿ ಶಾಪ ಹಾಕಿ, ಕುದುರೆಯ ಪಕ್ಕದಲ್ಲೇ ಕುಕ್ಕರಿಸಿದ.

ಊಟಕ್ಕೆ ಇಕ್ಕುವಾಗ ಓಬಳಮ್ಮ ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಿಮ್ ಮಗನ ಉಡಿದಾರ ಹಬ್ಬ ಆದ್ಮೇಲೆ ಒಂದ್ ಗಂಟು ಸಡ್ಲ ಮಾಡ್ತೀರಿ, ಬ್ಯಾಸ್ಗೇಲಿ ಒಂದ್ ಗಂಟು ಬಿಗೀತೀರಿ. ಒಂದೇ ದಾರ, ಎಂಥಾ ಒಟ್ಟೆಗೂ ಆಯ್ತದೆ ನೋಡಿ."

ಕೆಂಪಯ್ಯ ತಟ್ಟೆಯನ್ನು ಸರಿಸಿ ಎದ್ದ. ಹೊಟ್ಟೆಯ ಮೇಲೆ ಮಾತು ಬಂದರೆ ಸಹಿಸುವವನಲ್ಲ. ಸಿಟ್ಟಿನಲ್ಲಿ ಅಂಗಳಕ್ಕೆ ಬಂದವನು ಸಿಟ್ಟಿನಲ್ಲೇ ಬೈರಿಗೆ ಹಿಡಿದು, ಕುದುರೆಯ ಕೈಗಳಿಗೆ ಸಾಲಾಗಿ ತೂತು ಕೊರೆದ. ಒಂದರ ಮೇಲೊಂದು ಜಾರುವ ಎರಡು ಪಟ್ಟಿ, ಬೇಕಾದ ತೂತಿಗೆ ಒಂದು ಬೆಣೆ. ಬೆಣೆ ಈಚೆಗೆ ಹಾಕಿದರೆ ಸಕ್ಕರೆಚೀಲ, ಆಚೆಗೆ ಹಾಕಿದರೆ ಹಿಂಡಿಚೀಲ. ಕಾಲಿಗೂ ಹಾಗೆಯೇ ಮಾಡಿ, ಚೀಲದ ಎತ್ತರಕ್ಕೆ ತಕ್ಕಂತೆ ಕುದುರೆ ಏಳುವ ಹಾಗೆ, ಕೂರುವ ಹಾಗೆ ಮಾಡಿದ. ಈ ಯೋಚನೆ ತನಗೆ ಎಲ್ಲಿಂದ ಬಂತೆಂದು ಒಂದು ಗಳಿಗೆ ಬೆರಗಾಗಿ, ತನ್ನ ತಲೆಯಿಂದಲೇ ಎಂದು ತೀರ್ಮಾನಿಸಿದ.

ಸಂತೆಯ ದಿನ ಬೆಳಿಗ್ಗೆ ಕೆಂಪಯ್ಯ ಊರನ್ನೇ ಕರೆದ. ಎದುರುಮನೆಯ ಚನ್ನಮಲ್ಲಯ್ಯ ಬಂದ, ಸ್ಕೂಲು ಮೇಷ್ಟ್ರು ಜಯರಾಮಯ್ಯ ಬಂದರು, ಕೆಲಸವಿದ್ದವರೂ ಇಲ್ಲದವರೂ ಬಂದರು. ಎಲ್ಲರ ಕಣ್ಣೆದುರಿಗೆ ಕೆಂಪಯ್ಯ ಒಬ್ಬನೇ ಸಿಕ್ಕಿಸಿದ, ಒಬ್ಬನೇ ಸುರಿದ, ಒಬ್ಬನೇ ಇಳಿಸಿದ. ಚೀಲಗಳು ಒಂದರ ಹಿಂದೊಂದು ಕಂಠಪೂರ್ತಿ ತುಂಬಿ ಸಾಲಾಗಿ ನಿಂತವು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಯಂತ್ರಕ್ಕೆ "ಗೋಣೀಮುಖ ವಿಕಾಸಕ" ಎಂದು ನಾಮಕರಣ ಮಾಡಿದರು. ಚನ್ನಮಲ್ಲಯ್ಯ ಬಗ್ಗಿ ಅದರ ಕಾಲು ಮುಟ್ಟಿ ನೋಡಿದ.

"ಕೂಳು ಕೇಳಲ್ಲ, ಸೀರೆ ಕೇಳಲ್ಲ," ಎಂದ ಕೆಂಪಯ್ಯ, ಬಾಗಿಲ ಕಡೆಗೆ ಕೇಳುವಂತೆ. "ಮಾತಂತೂ ಇಲ್ವೇ ಇಲ್ಲ. ಇದೊಂದಿದ್ರೆ ಮನೇಲಿ ಎಂಗಸು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಕಣಣ್ಣ."

ಆಗ ಓಬಳಮ್ಮ ಹೊರಗೆ ಬಂದಳು. ಮಾತು ಬಿಟ್ಟ ಮೇಲೆ ಮೊದಲ ಸಲ ಗಂಡನ ಮುಖವನ್ನು ನೇರವಾಗಿ ನೋಡಿ, ಅವನ ಜೊತೆಯೇ ಮಾತಾಡಿದಳು.

"ನಾನ್ ಸೋತೆ ಕಣಯ್ಯ. ನೀನ್ ಯೋಳಿದ್ದೇ ದಿಟ. ಗೂಟ ಸಾಕು."

ಕೆಂಪಯ್ಯನ ಎದೆ ಅಕ್ಕಿಚೀಲದಷ್ಟಾಯಿತು. ಅವಳೇ ಮೊದಲು ಮಾತಾಡಿದ್ದಾಳೆ, ಅದೂ ಊರ ಮುಂದೆ, ಅದೂ ಸೋತೆ ಎಂದು. ಏನಾದರೂ ದೊಡ್ಡ ಮನಸ್ಸಿನ ಮಾತು ಹೇಳೋಣವೆಂದು ಗಂಟಲು ಸರಿಮಾಡಿಕೊಂಡವನ ಕಣ್ಣಿಗೆ ಅವಳ ಕಂಕುಳಲ್ಲಿದ್ದ ಗಂಟು ಬಿತ್ತು. ಉಟ್ಟಿದ್ದದ್ದು ಪೆಟ್ಟಿಗೆಯ ಸೀರೆ. ಹಿಂದೆಯೇ ಬೀದಿಯ ತಿರುವಿನಿಂದ ಗೆಜ್ಜೆ ಕೇಳಿಸಿ, ಭಾವಮೈದ ಪೆದ್ದಣ್ಣನ ಕಮಾನುಗಾಡಿ ಬಾಗಿಲಿಗೆ ಬಂದು ನಿಂತಿತು.

"ಏಮಿ ಬಾವಾ, ಬಾಗುಂಡಾವಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳುತ್ತ ಪೆದ್ದಣ್ಣ ಇಳಿದ. "ಅಕ್ಕ ಬಳೆಗಾರನ ಕೈಲಿ ಯೋಳಿ ಕಳ್ಸಿದ್ಲು, ಸಂತೆ ದಿನಕ್ಕೆ ಗೂಟ ನಿಲ್ತದೆ, ಗಾಡಿ ಕಟ್ಕೊಂಡು ಬಾ ಅಂತ. ಇದೇನಾ ಅದು? ಚಾಲಾ ಬಾಗುಂದಿ, ಬಲು ಚೆಂದಾಗೈತೆ."

"ಬಳೆಗಾರ ಬಂದಿದ್ದು ಯಾವತ್ತು?" ಎಂದ ಕೆಂಪಯ್ಯ.

"ನೀನು ಕಾಲಿಗೆ ಉಣಿಸೇಹಣ್ಣು ಮೆತ್ಕೊಂಡಿದ್ದ ದಿನ," ಎಂದಳು ಓಬಳಮ್ಮ.

ಅಂದರೆ ಕುದುರೆ ಇನ್ನೂ ಮುಗ್ಗರಿಸುತ್ತಿದ್ದಾಗಲೇ ಗಾಡಿಗೆ ಹೇಳಿ ಕಳಿಸಿದ್ದಾಳೆ. ಕೆಂಪಯ್ಯನಿಗೆ ತನ್ನ ತಲೆಗೆ ಸ್ವಂತವಾಗಿ ಹೊಳೆದ ಒಂದೊಂದೂ ಕೊಟ್ಟಿಗೆಯ ಇಲ್ಲವೇ ಅಡಿಗೆಮನೆಯ ದಾರಿಯಲ್ಲೇ ಬಂದದ್ದು ಎಂದು ಆಗ ತಿಳಿಯಿತು. ತಿಳಿದು ಏನು ಪ್ರಯೋಜನ, ಊರೆಲ್ಲ ನಿಂತು ನೋಡುತ್ತಿತ್ತು. ಅವನು ಉಳಿದಿದ್ದ ಒಂದೇ ದಾರಿ ಹಿಡಿದ.

"ಇದ್ರ ಮೇಲೆ ನಂಬ್ಕೆ ಇಡೋಕಾಗಲ್ಲ ಕಣೇ," ಎಂದ. "ಈಗ ನಿಂತೈತೆ, ಇನ್ನೊಂದು ಗಳಿಗೇಲಿ ಬಿದ್ದೋಯ್ತದೆ. ನೋಡು ಬೇಕಾದ್ರೆ."

ಎಂದವನೇ ಕುದುರೆಯನ್ನು ಒಂದು ಸಲ ನೂಕಿದ. ಅದು ಅಲ್ಲಾಡಲಿಲ್ಲ. ಭುಜ ಕೊಟ್ಟು ನೂಕಿದ. ನಿಂತಿತು. ಸರಿಯಾಗಿದ್ದ ಕಾಲಿನಿಂದ ಒದ್ದ. ಈಗ ಎರಡು ಕಾಲೂ ಊದಿದವೇ ಹೊರತು ಕುದುರೆ ಒಂದು ಬೆಣೆಯನ್ನೂ ಸಡಿಲಿಸಲಿಲ್ಲ. ಜನ ಇದೂ ಪ್ರದರ್ಶನದ ಭಾಗವೆಂದೇ ತಿಳಿದರು.

"ಬಲು ಗಟ್ಟಿ ಕಣಪ್ಪ," ಎಂದ ಚನ್ನಮಲ್ಲಯ್ಯ. "ಇನ್ನೊಂದ್ಕಿತ ಒದಿ, ಈ ಕಡೆಯೋರು ನೋಡ್ಲಿಲ್ಲ."

ಅಷ್ಟರಲ್ಲಿ ಕಾಟಮ್ಮ ಚಾಪೆ ಸುತ್ತಿಕೊಂಡು ಗಾಡಿ ಹತ್ತಿ ಕುಳಿತಿದ್ದಳು.

"ನೀನೆಲ್ಲಿಗವ್ವ?"

"ಇವ್ರಟ್ಟೀಲಿ ಹೊರಸೈತಂತೆ ಮಗ," ಎಂದಳು ಮುದುಕಿ. ಗಾಡಿ ಹೊರಟಿತು.

ಜನ ಚದುರಿದರು. ಸಾಹುಕಾರನ ಗಾಡಿ ಬರುವ ಹೊತ್ತಾಗಿತ್ತು. ಕೆಂಪಯ್ಯ ತುಂಬಿದ ಚೀಲಗಳ ಸಾಲನ್ನು ನೋಡಿದ. ಕುದುರೆ ಅಷ್ಟು ಚೆನ್ನಾಗಿ ಹಿಡಿದಿದ್ದರಿಂದ ಅವನು ಹುರುಪಿನಲ್ಲಿ ಕತ್ತಿನ ಮಟ್ಟಕ್ಕೆ ತುಂಬಿಬಿಟ್ಟಿದ್ದ. ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ಈ ಕಡೆ ಎಳೆದರೆ ಆ ಕಡೆ ಬಿಡುತ್ತಿತ್ತು. ಇಂಥ ಚೀಲದ ಬಾಯಿ ಹೊಲಿಯಬೇಕಾದರೆ ಒಬ್ಬರು ಎರಡು ಕೈಯಲ್ಲಿ ಬಲವಾಗಿ ಅದುಮಿ ಹಿಡಿಯಬೇಕು, ಇನ್ನೊಬ್ಬರು ಹೊಲಿಯಬೇಕು. ಬಾಯಿ ತೆರೆಸಿ ಹಿಡಿಯುವುದಕ್ಕೆ ಅವನು ಯಂತ್ರ ಮಾಡಿದ್ದ. ಮುಚ್ಚಿಸಿ ಹಿಡಿಯುವುದಕ್ಕೆ ಮಾಡಿರಲಿಲ್ಲ.

ಕೆಂಪಯ್ಯ ಪಂಚೆ ಎತ್ತಿ ಕಟ್ಟಿ, ಊದಿದ ಎರಡು ಕಾಲಲ್ಲೂ ಕುಂಟುತ್ತ ಓಡಿದ. ಕೆರೆ ಏರಿಯ ಮೇಲೆ ಗಾಡಿ ಸಿಕ್ಕಿತು. ಹಿಂದಿನ ಪಟ್ಟಿ ಹಿಡಿದುಕೊಂಡು, ಏದುಸಿರು ಬಿಡುತ್ತ, ಮಾನ ಮರ್ಯಾದೆ ಎಲ್ಲವನ್ನೂ ಏರಿಯ ಕೆಳಗೆ ಬಿಸಾಕಿ ಹೇಳಿದ:

"ಲೇ ಓಬಳಿ, ಚೀಲದ ಬಾಯಿ ಒಲಿಬೇಕಲ್ಲೇ."

ಓಬಳಮ್ಮ ಗಾಡಿಯೊಳಗಿಂದ ಮುಖ ಹೊರಗೆ ಹಾಕಿದಳು. ಅವನ ಕಾಲು ನೋಡಿದಳು, ಮುಖ ನೋಡಿದಳು. ಅವಳ ಮನಸ್ಸು ಕರಗಿತು ಎಂದೇ ಕೆಂಪಯ್ಯನಿಗೆ ಅನಿಸಿತು.

"ಅಯ್ಯೋ, ಯೋಳೋದೇ ಮರ್ತೆ," ಎಂದಳು. "ದಬ್ಬಣ ಸೂರಿನ ಸಂದೀಲಿ ಸಿಕ್ಕಿಸಿವ್ನಿ, ತಕ್ಕೊ. ಪೆದ್ದಣ್ಣ, ಒಡಿ ಗಾಡಿಯ."