ವಿಶ್ವನಾಥ ಮಾಸ್ತರರ ಕಾಗದದ ಬುಟ್ಟಿ

ವಿಶ್ವನಾಥ ಮಾಸ್ತರರಿಗೆ ಆ ದಿನ ಮಧ್ಯಾಹ್ನದೊಳಗೆ ಒಂದು ಬುಟ್ಟಿ ಆಗಲೇಬೇಕಿತ್ತು. ಮುಟ್ಟಳ್ಳಿ ಶಾಲೆಯಲ್ಲಿ ಮೂರು ಗಂಟೆಗೆ ‘ಕಸದಿಂದ ರಸ’ ಪ್ರದರ್ಶನ. ಏನೂ ಮಾಡಿ ತರದ ಮಾಸ್ತರು ದಸರಾ ರಜೆಯಲ್ಲಿ ಹಳೇ ಉತ್ತರಪತ್ರಿಕೆಗಳ ಕೋಣೆ ಖಾಲಿ ಮಾಡಬೇಕೆಂದು ಮುಖ್ಯೋಪಾಧ್ಯಾಯಿನಿ ಶರ್ಮಿಳಾ ಅಕ್ಕೋರ ಫರ್ಮಾನು. ಇತ್ತ ಹೆಂಡತಿ ಮೂಕಾಂಬಿಕಾಳನ್ನು ಕುಮಟೆಯ ತವರಿಗೆ ಕರೆದೊಯ್ಯುವ ಮಾತು ಮೂರು ರಜೆಯಿಂದ ತಪ್ಪುತ್ತಲೇ ಬಂದಿತ್ತು. ಈ ಸಲವೂ ತಪ್ಪಿದರೆ ಮನೆಯಲ್ಲಿ ಮಹಾಭಾರತವೇ.

ಹಿಂದೆ ಅಜ್ಜಿ ಮೊರಕ್ಕೆ ಬಳಿಯಲು ಮಾಡುತ್ತಿದ್ದ ಹಾಗೆ ಮಾಸ್ತರು ನೆನೆದ ಪೇಪರಿಗೆ ಮೆಂತೆ ಸೇರಿಸಿ ರುಬ್ಬಿದರು. ಕೊಡಪಾನ ಬೋರಲು ಹಾಕಿ ಅದರ ಮೇಲೆ ಮೆತ್ತತೊಡಗಿದರು. ಅಷ್ಟರಲ್ಲಿ ಬೇಲಿಯ ಮೇಲೆ ಪಕ್ಕದ ಮನೆ ದೇವಿಯಕ್ಕನ ತಲೆ ಎದ್ದಿತು.

“ಎಂತ ಮಾಸ್ತರೇ, ಬರೀ ಮೆಂತೆಯಾ? ಗಂಜಿ ತೆಳಿ ಹಾಕಿ ಮಾರಾಯ್ರೆ!”

ಹಾಕಿದರು. ಗಾರೆ ಕೆಲಸದ ಅಣ್ಣಪ್ಪ ಬಂದು ಬೆರಳಲ್ಲಿ ಒತ್ತಿ ನೋಡಿ, “ಹಿಂದಿನವ್ರು ಗಾರೆಗೆ ಬೆಲ್ಲ ಹಾಕ್ತಿದ್ರು. ನೂರು ವರ್ಷ ಅಲ್ಲಾಡೂದಿಲ್ಲ” ಎಂದ. ಬೆಲ್ಲವೂ ಬಿತ್ತು. ಪಾಪ, ಬೇಡ ಅನ್ನುವುದು ಮಾಸ್ತರರ ಜಾಯಮಾನದಲ್ಲೇ ಇಲ್ಲ.

ಬುಟ್ಟಿಯನ್ನು ಬಿಸಿಲಿಗಿಟ್ಟು, ಉಂಡು, ಒಂದು ಗಳಿಗೆ ಅಡ್ಡಾಗಿ ಎದ್ದು ಬಂದರೆ ದೇವಿಯಕ್ಕನ ದನ ಅದನ್ನು ಹಾಯಾಗಿ ಮೆಲ್ಲುತ್ತಿದೆ!

“ಅಯ್ಯಯ್ಯೋ, ನನ್ನ ರಜೆ ತಿಂದ್ತು!” ಎಂದು ಮಾಸ್ತರು ಉಳಿದ ಅಂಚನ್ನು ಕಿತ್ತುಕೊಂಡು ಶಾಲೆಗೆ ಓಡಿದರು. ಹಿಂದೆ ದನ, ಅದರ ಹಿಂದೆ ಹಗ್ಗ ಹಿಡಿದ ದೇವಿಯಕ್ಕ, ಮೋಜು ನೋಡಲು ಅಣ್ಣಪ್ಪ. ಒಳ್ಳೇ ದಿಬ್ಬಣವೇ ಹೊರಟ ಹಾಗಿತ್ತು.

ತೀರ್ಪುಗಾರರ ಮುಂದೆಯೇ ದನ ಮಾಸ್ತರರ ಕೈಯಿಂದ ಕೊನೆಯ ಚೂರನ್ನೂ ಕಸಿದು ನುಂಗಿತು.

“ಹಿಂಡಿ ಕೊಟ್ರೂ ಮೂಸೂದಿಲ್ಲ ಇದು!” ಏದುಸಿರು ಬಿಡುತ್ತ ದೇವಿಯಕ್ಕ ಕೂಗಿದಳು. “ಮಾಸ್ತರು ಕಾಗದಕ್ಕೆ ಎಂತ ಮಂತ್ರ ಹಾಕಿದ್ರೋ!”

ತೀರ್ಪುಗಾರರು ಮುಖಮುಖ ನೋಡಿಕೊಂಡರು. “ರದ್ದಿ ಕಾಗದದಿಂದ ಪಶು ಆಹಾರ! ಭಲೇ!”

ಮೊದಲ ಬಹುಮಾನ, ಮೇಲೊಂದು ಶಾಲು. ಮಾಸ್ತರರ ಕಣ್ಣು ತುಂಬಿ ಬಂತು. ಸಭಿಕರ ನಡುವೆ ಕೂತಿದ್ದ ಮೂಕಾಂಬಿಕಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅಂತೂ ಕುಮಟೆ ಗಟ್ಟಿಯಾಯಿತು ಎಂದು ಗಂಡಹೆಂಡತಿ ಇಬ್ಬರಿಗೂ ಖುಷಿಯೋ ಖುಷಿ.

ಶರ್ಮಿಳಾ ಅಕ್ಕೋರು ಮೈಕು ಹಿಡಿದರು. “ರಜೆ ಮುಗಿದ ಮರುದಿನವೇ ಜಿಲ್ಲಾ ಮಟ್ಟದ ಪ್ರದರ್ಶನ. ಅಷ್ಟರೊಳಗೆ ವಿಶ್ವನಾಥ ಮಾಸ್ತರು ಹತ್ತು ಮೂಟೆ ಮೇವು ತಯಾರು ಮಾಡ್ತಾರೆ. ಕಾಗದಕ್ಕೆ ಬರ ಇಲ್ಲ!” ಎನ್ನುತ್ತ ಉತ್ತರಪತ್ರಿಕೆ ಕೋಣೆಯ ಬೀಗದ ಕೈಯನ್ನು ಅವರ ಅಂಗೈಗಿಟ್ಟರು.

ಮೂಕಾಂಬಿಕಾ ಸೆರಗು ಕೊಡವಿ ಎದ್ದಳು.

“ಆತು. ನೀವು ದನ ನೋಡ್ಕಳಿ, ನಾ ಕುಮಟೆಗೆ ಹೊರಟೆ.”