ಕಿಡಿಯಣ್ಣನ ಎದೆಬಡಿತ

ಡಾಕ್ಟರ ಚೀಟಿಯಲ್ಲಿದ್ದದ್ದು ಒಂದೇ ಸಾಲು: ವೆಲ್ಡಿಂಗಿಗೂ ಎದೆಯ ಪೇಸ್‌ಮೇಕರಿಗೂ ಎರಡಡಿ ಅಂತರವಿರಲಿ. ಕಿಡಿಯಣ್ಣ ಅದನ್ನು ಕಿಸೆಯಲ್ಲೇ ಇಟ್ಟುಕೊಂಡಿದ್ದರೆ ದಿನ ನೆಟ್ಟಗಿರುತ್ತಿತ್ತು. ಮೈಯೊಳಗೆ ಬ್ಯಾಟರಿ ಇರುವ ಜಂಬ ಕೇಳಬೇಕಲ್ಲ. ಎರಡು ತಿಂಗಳ ಮೇಲೆ ವರ್ಕ್‌ಶಾಪಿಗೆ ಕಾಲಿಟ್ಟವನೇ ಎಲ್ಲರಿಗೂ ಓದಿ ಹೇಳಿದ.

ಅವನಿಗೆ ಬೇಕಾಗಿದ್ದದ್ದು ಇಪ್ಪತ್ತು ವರ್ಷ ಕೂತಿದ್ದ ತನ್ನ ವೆಲ್ಡಿಂಗ್ ಮೂಲೆ. ಸಂಜೆ ಆಸ್ಪತ್ರೆಯ ತಂತ್ರಜ್ಞೆ ಬಂದು ಪರೀಕ್ಷಿಸಿ ಸೈ ಎಂದರೆ ಮೂಲೆ ಅವನದು. ಇಲ್ಲವಾದರೆ ಬೇರೆಯವರ ಪಾಲು.

ಲೇತ್ ಮೆಷಿನ್ನಿನ ಹಿರಿಯ, ಎಲ್ಲರ ಬಾಯಲ್ಲಿ ಲೇತ್ ಮಾವ, ಸುಮ್ಮನಿರುವ ಪ್ರಾಣಿಯಲ್ಲ. ಎರಡಡಿ ಡಾಕ್ಟರಿಗೆ ಸಾಕು, ನಮಗೆ ಸಾಲದು ಎಂದು ಆರಡಿ ಮಾಡಿ, ಹತ್ತು ಗಂಟೆಯ ಹೊತ್ತಿಗೆ ಪ್ರತಿ ಮೆಷಿನ್ನಿನ ಸುತ್ತ ಸೀಮೆಸುಣ್ಣದ ವೃತ್ತ ಎಳೆದ. ವೃತ್ತಗಳು ಒಂದರ ಮೇಲೊಂದು ಹತ್ತಿ, ಕಿಡಿಯಣ್ಣನಿಗೆ ಉಳಿದದ್ದು ಪಾಯಿಖಾನೆಯ ಹೊಸ್ತಿಲು. ಹೋಗುವವರೆಲ್ಲ ಆರೋಗ್ಯ ವಿಚಾರಿಸಿದರು. ಅವಸರವಿದ್ದವರು ಬರುವಾಗ ವಿಚಾರಿಸಿದರು.

"ಬ್ಯಾಟರಿ ಎದೆಗಲ್ಲ, ತಲೆಗೆ ಹಾಕಿಸ್ಬೇಕಿತ್ತು" ಎಂದು ಕಿಡಿಯಣ್ಣ ಗೊಣಗಿಕೊಂಡ.

ಒಂದು ಗಂಟೆಗೆ ಲೇತ್ ಮಾವ ಅಲ್ಲಿಗೂ ಬಂದು, ಇಂಥದೇ ಪೇಸ್‌ಮೇಕರಿದ್ದು ನಿಂತಲ್ಲೇ ಹೋಗಿಬಿಟ್ಟ ತನ್ನ ದೊಡ್ಡಮ್ಮನ ಮೈದುನನ ಕತೆ ಹೇಳಿದ. "ಹೆದರ್ಬೇಡಪ್ಪ. ಅವನಿಗೆ ಒಂಚೂರೂ ನೋವಾಗ್ಲಿಲ್ಲವಂತೆ."

"ಯಾರು ಹೇಳಿದ್ದು, ಅವನೇನಾ?"

ಮೂರೂವರೆಗೆ ಯಜಮಾನರೇ ಬಂದರು. ಮೂಲೆಗೆ ಒಬ್ಬ ಒಳ್ಳೆಯವನನ್ನು ನೋಡಿಟ್ಟಿದ್ದೇನೆ, ನೀನೇನೂ ಚಿಂತೆ ಮಾಡಬೇಡ ಎಂದು ಬೆನ್ನು ತಟ್ಟಿದರು.

ನಾಲ್ಕಕ್ಕೆ ಬಂದ ತಂತ್ರಜ್ಞೆ ವೃತ್ತಗಳನ್ನು ನೋಡಿ ನಕ್ಕು, ಎದೆಗೆ ತಂತಿ ಅಂಟಿಸಿ ಅವನನ್ನು ವೆಲ್ಡಿಂಗಿಗೆ ಕೂರಿಸಿದಳು. ಕಿಡಿಯಣ್ಣ ಕೈ ಚಾಚಿ ಗೇಟಿನ ಸರಳು ಬೆಸೆದ. ಬೆಸುಗೆ ಜಡೆ ಹೆಣೆದ ಹಾಗೆ ಬಂತು.

"ಮೆಷಿನ್ನಿಂದ ಏನೂ ತೊಂದ್ರೆ ಇಲ್ಲ ಅಣ್ಣ. ಮಲಗಿರೋ ಮಗು ಥರ ಇದೆ ಹೃದಯ."

ಕಿಡಿಯಣ್ಣನ ಕಣ್ಣು ತುಂಬಿತು. ಅಷ್ಟಕ್ಕೇ ಬಿಡದೆ ಆಕೆ ಪೇಸ್‌ಮೇಕರಿನ ಇಡೀ ದಿನದ ದಾಖಲೆ ತೆರೆದಳು. "ಹತ್ತು ಗಂಟೆ, ಒಂದು ಗಂಟೆ, ಮೂರೂವರೆ. ಆಗ ಮಾತ್ರ ಸಿಕ್ಕಾಪಟ್ಟೆ ಓಡಿದೆ. ಯಾವ ಮೆಷಿನ್ ಹತ್ರ ಇದ್ರಿ?"

"ಮೆಷಿನ್ ಅಲ್ಲಮ್ಮ. ಮೊದ್ಲೆರಡು ಲೇತ್ ಮಾವ. ಮೂರನೇದು..." ಯಜಮಾನರ ಮುಖ ಕಂಡು ಮಾತು ನುಂಗಿದ.

ಯಜಮಾನರು ಒಳ್ಳೆಯ ಮನುಷ್ಯರು. ತಮ್ಮಿಂದಲೇ ಒಬ್ಬನ ಜೀವಕ್ಕೆ ಅಪಾಯವೆಂದು ತಿಳಿದ ಮೇಲೆ ತಡಮಾಡಲಿಲ್ಲ. "ಹಾಗಾದ್ರೆ ಜನ ಇರೋ ಕಡೆ ನೀನಿರೋದೇ ಬೇಡ. ನಾಳೆಯಿಂದ ಹಿಂದಿನ ಗೋದಾಮಲ್ಲಿ ಒಬ್ನೇ ಕೂತು ನಟ್ಟು ಬೋಲ್ಟು ವಿಂಗಡಿಸು."

ತಂತ್ರಜ್ಞೆ ಪರದೆಯತ್ತ ಬಾಗಿದಳು. "ಅಯ್ಯೋ, ಮತ್ತೆ ಓಡ್ತಿದೆ."

"ನಾನು ಹೇಳ್ಲಿಲ್ವಾ" ಎಂದ ಯಜಮಾನರು, ಅವನ ಒಳ್ಳೆಯದಕ್ಕೇ, ಉತ್ತರಕ್ಕೂ ಕಾಯದೆ ಅಲ್ಲಿಂದ ಹೊರಟುಹೋದರು.